ಒಂದು ಮೂಟೆ ಕೂದಲು

ಎಲ್ಲ ತಾಪತ್ರಯಕ್ಕೂ ಮೂಲ ಬಾಗಿಲಿಗೆ ಅಂಟಿಸಿದ್ದ ಒಂದು ಹಳದಿ ಕಾಗದ. ಬೆಳಿಗ್ಗೆ ಅಂಗಡಿ ತೆರೆಯಲು ಬಂದ ಸಲೂನಣ್ಣ ಅದನ್ನು ಮೂರು ಸಲ ಓದಿದ. ಕೊಳೆಯುವ ಕಸವನ್ನು ಅರ್ಧಕ್ಕೆ ಇಳಿಸಬೇಕಂತೆ, ಉಳಿದದ್ದನ್ನು ನಗರಸಭೆಯ ಗಾಡಿಗೇ ಕೊಡಬೇಕಂತೆ, ಸಂಜೆ ನಾಲ್ಕಕ್ಕೆ ತಪಾಸಣೆಯಂತೆ, ತಪ್ಪಿದರೆ ಅಂಗಡಿಗೆ ಬೀಗವಂತೆ. ಅಷ್ಟರಲ್ಲಿ ಅವನಿಗೆ ಸರಿಯಾಗಿ ಅರ್ಥವಾದದ್ದು ಬೀಗ ಒಂದೇ. ಮೂಲೆಯಲ್ಲಿ ಒಂದು ವಾರದ ಕೂದಲು ಮೂಟೆಯಾಗಿ ಕೂತಿತ್ತು.

“ಕೂದಲು ಕೊಳೆಯುತ್ತೇನಯ್ಯಾ?” ಎಂದು ಪಕ್ಕದಂಗಡಿಯ ದರ್ಜಿಯನ್ನು ಕೇಳಿದ. ಬೀದಿಯಲ್ಲಿ ಇರುವೆ ಸತ್ತರೂ ಮೂಗು ತೂರಿಸುವ ಆಸಾಮಿ ಅವನು.

ದರ್ಜಿ ತನ್ನ ನುಣ್ಣನೆ ತಲೆ ಸವರಿಕೊಂಡ. “ನಂದು ಎಲ್ಲಾ ಉದುರೇ ಹೋಯ್ತು, ಕೊಳೆಯೋದಕ್ಕೆ ಪುರುಸೊತ್ತೇ ಸಿಗ್ಲಿಲ್ಲ. ಗಾಡಿಗೆ ಕೊಟ್ಟು ಕೈ ತೊಳ್ಕೊ ಮಾರಾಯ!”

ಅಷ್ಟರಲ್ಲಿ ಹಸಿ ಕಸದ ಗಾಡಿ ಬಂತು. ಗಾಡಿಯ ಅಕ್ಕ ಮೂಟೆಯೊಳಗೆ ಕೈ ಹಾಕಿ ನೋಡಿ, “ಅಯ್ಯೋ, ಹುಲ್ಲಿನ ಥರ ಒಣಗಿದೆಯಲ್ಲಣ್ಣಾ! ನಂದು ಹಸಿ ಗಾಡಿ,” ಎಂದಳು.

“ಒಂದ್ನಿಮಿಷ ನಿಲ್ಲಕ್ಕಾ!” ಸಲೂನಣ್ಣ ಮೂಟೆ ಎತ್ತಿಕೊಂಡು ಒಳಗೋಡಿ, ಗಿರಾಕಿಗಳ ತಲೆಗೆ ನೀರು ಚಿಮುಕಿಸುವ ಬಾಟಲಿ ಸಾಲದೆ, ಒಂದು ಕೊಡ ನೀರನ್ನೇ ಮೂಟೆಗೆ ಸುರಿದ. ಹೊರಗೆ ಬರುವಷ್ಟರಲ್ಲಿ ಹಸಿ ಗಾಡಿ ಹೋಗಿ ಒಣ ಕಸದ ಗಾಡಿ ನಿಂತಿತ್ತು.

“ಏನ್ ಸ್ವಾಮೀ, ತಮಾಷೆನಾ? ಇದು ತೊಟ್ಟಿಕ್ತಾ ಇದೆ,” ಎಂದು ಡ್ರೈವರ್ ರೇಗಿದ.

“ಈಗ ತಾನೇ ಒಣಗೇ ಇತ್ತು, ದೇವರಾಣೆ!”

“ಹಾಗಾದ್ರೆ ಆಗ್ಲೇ ಕೊಡಬೇಕಿತ್ತು,” ಎಂದು ಅವನೂ ಹೊರಟುಹೋದ.

ಸಲೂನಣ್ಣ ಮೆಟ್ಟಿಲ ಮೇಲೆ ಕುಸಿದು ಕೂತ. ಹದಿನೆಂಟು ವರ್ಷದಿಂದ ಹೊಟ್ಟೆಗೆ ಹಿಟ್ಟು ಕೊಟ್ಟ ಅಂಗಡಿ. ಬೀಗ ಬಿದ್ದರೆ ಹೆಂಡತಿ ಮಕ್ಕಳಿಗೆ ಏನು ಹೇಳುವುದು? ಅವನಿಗೆ ನಿಜವಾಗಿಯೂ ಅಳು ಬಂತು.

ದರ್ಜಿಯ ಮನಸ್ಸು ಕರಗಿತು. “ಅಳಬೇಡ್ವೋ. ಬಟ್ಟೆ ಅಂಗಡಿಯವರಿಗೆ ಒಂದು ಗೊಂಬೆ ಹೊಲಿದುಕೊಡ್ತಾ ಇದೀನಿ, ಅದರ ಹೊಟ್ಟೆ ಖಾಲಿ ಇದೆ. ಒಣಗಿಸಿ ಅದಕ್ಕೆ ತುಂಬೋಣ. ಕಸವೂ ಕಡಿಮೆಯಾಯ್ತು, ಗಾಡಿಯೂ ಬೇಡ!”

ಇಬ್ಬರೂ ಬಿಸಿಲಲ್ಲಿ ಕೂದಲು ಹರವಿದರು. ಗಾಳಿಗೆ ಹಾರಿದ್ದನ್ನು ಬೀದಿಯುದ್ದಕ್ಕೂ ಓಡಿ ಹಿಡಿದರು. ಮೂರೂವರೆಗೆ ಗೊಂಬೆ ಹೊಟ್ಟೆ ಬಿರಿಯೆ ಉಂಡವರಂತೆ ಉಬ್ಬಿ, ಆಟೋ ಹತ್ತಿ ಹೋಯಿತು. ಸಲೂನಣ್ಣ ನೆಲವನ್ನು ಎರಡೆರಡು ಸಲ ಒರೆಸಿದ.

ನಾಲ್ಕಕ್ಕೆ ಸರಿಯಾಗಿ ತಪಾಸಣೆಯ ಸಾಹೇಬರು ತಕ್ಕಡಿ ಹಿಡಿದು ಬಂದರು. ಕಾಯುತ್ತಿದ್ದ ಇಬ್ಬರು ಗಿರಾಕಿಗಳು ಅವರನ್ನು ಕಂಡದ್ದೇ ಮೆಲ್ಲಗೆ ಜಾಗ ಖಾಲಿ ಮಾಡಿದರು.

“ಕಸ ಎಲ್ಲಿ?”

“ಒಂದೆಳೆಯೂ ಇಲ್ಲ ಸಾರ್!” ಸಲೂನಣ್ಣ ಎದೆಯುಬ್ಬಿಸಿದ.

ಸಾಹೇಬರ ಹುಬ್ಬು ಮೇಲೇರಿತು. “ಅರ್ಧ ಕಡಿಮೆ ಮಾಡಿ ಅಂದ್ರೆ ಇನ್ನರ್ಧ ಇರಬೇಕು ತಾನೇ? ಸಲೂನಲ್ಲಿ ಕೂದಲೇ ಇಲ್ಲ ಅಂದ್ರೆ ಎಲ್ಲೋ ಕದ್ದು ಸುರಿದಿದ್ದೀಯ ಅಂತ ಅರ್ಥ. ಗಾಡಿಯವರು ಕೊಟ್ಟ ಚೀಟಿನಾದ್ರೂ ಇದೆಯಾ?”

“ಇಲ್ಲ ಸಾರ್, ಅದು ಗೊಂಬೆ ಹೊಟ್ಟೆಲಿ...”

“ಗೊಂಬೆ ಎಲ್ಲಿ?”

“ಆಟೋ ಹತ್ತಿ ಹೋಯ್ತು ಸಾರ್.”

ಸಾಹೇಬರು ಅವನನ್ನು ಒಂದು ಥರ ನೋಡಿದರು. “ಒಂದು ಹಿಡಿ ಕೂದಲು ತೂಕಕ್ಕೆ ಇಡು. ಇಲ್ಲಾಂದ್ರೆ ಬೀಗ.”

ಸಲೂನಣ್ಣ ಸುತ್ತ ನೋಡಿದ. ಗಿರಾಕಿಗಳಿಲ್ಲ. ಇಣುಕುತ್ತಿದ್ದ ದರ್ಜಿಯ ತಲೆಯಲ್ಲಿ ಬೆಳೆಯೇ ಇಲ್ಲ. ಸಾಹೇಬರು ಸೆಕೆಗೆ ಟೋಪಿ ತೆಗೆದರು, ಅಲ್ಲೂ ಬಯಲು. ಕನ್ನಡಿಯಲ್ಲಿ ಮಾತ್ರ ಒಂದು ದಟ್ಟವಾದ ತಲೆ ಕಂಡಿತು. ಅವನದೇ. ಮದುವೆಯ ದಿನದಿಂದ ಹೆಂಡತಿ ಹೊಗಳುತ್ತ ಬಂದ ಕೂದಲು. ಹಲ್ಲು ಕಚ್ಚಿ ಮಿಷನ್ ಹಚ್ಚಿದ. ಎರಡೇ ನಿಮಿಷಕ್ಕೆ ಬೀದಿಯಲ್ಲಿ ಮೂರನೆಯ ಬೋಳು ತಲೆ ತಯಾರಾಯಿತು.

ಸಾಹೇಬರು ತೂಗಿದರು. “ತೊಂಬತ್ತು ಗ್ರಾಂ. ಸರಿ, ಇದು ಗಿರಾಕಿ ಕೂದಲಾ?”

“ನಂದೇ ಅಲ್ವಾ ಸಾರ್, ನಿಮ್ಮ ಕಣ್ಣೆದುರಿಗೇ ತೆಗೆದೆನಲ್ಲ!”

ಸಾಹೇಬರು ಕನ್ನಡಕ ಏರಿಸಿ ನಿಯಮದ ಪುಸ್ತಕ ತಿರುವಿದರು. ಒಂದು ಪುಟದ ಮೇಲೆ ಬೆರಳಿಟ್ಟು ನಿಟ್ಟುಸಿರು ಬಿಟ್ಟರು.

“ಮಾಲೀಕನ ಸ್ವಂತ ಕೂದಲು ಅಂಗಡಿ ಕಸ ಅಲ್ಲಪ್ಪಾ, ಮನೆ ಕಸ. ಮನೆ ಕಸ ತಂದು ಅಂಗಡೀಲಿ ಹಾಕೋದು ಎಲ್ಲಕ್ಕಿಂತ ದೊಡ್ಡ ತಪ್ಪು,” ಎಂದು ಚೀಲದಿಂದ ಬೀಗ ತೆಗೆದರು.