ಬೆಂಚಿನ ಮೇಲಿನ ಆಮ್ಲಜನಕ

ಇದು ನಡೆದದ್ದು 2006ರ ಜೂನ್ ತಿಂಗಳಲ್ಲಿ. ಹೈದರಾಬಾದಿನ ಮಾದಾಪುರದ ಕಂಪನಿಯೊಂದು ಶಾಲೆಯ ಪಾಠಗಳನ್ನು ಕಂಪ್ಯೂಟರಿಗೆ ಏರಿಸುತ್ತಿತ್ತು. ರಸಾಯನಶಾಸ್ತ್ರ ನೋಡಿಕೊಳ್ಳುತ್ತಿದ್ದವಳು ಯಾದಗಿರಿಯ ಶೈಲಾ, ಬಿ.ಎಸ್ಸಿ. ಅವಳ ಪ್ರೊಬೇಷನ್ ಮೂವತ್ತನೇ ತಾರೀಖಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ‘ಲೋಹಗಳು ಮತ್ತು ಆಮ್ಲಜನಕ’ ಪಾಠಕ್ಕೆ ಮ್ಯಾನೇಜರರ ಸಹಿ ಬಿದ್ದರೆ ಕೆಲಸ ಕಾಯಂ. ಇಲ್ಲದಿದ್ದರೆ ಇಲ್ಲ.

ಟೈಪಾಗಿ ಬಂದ ಮೊದಲ ಸಮೀಕರಣ: Mg + O₂ → MgO. ಎಡಕ್ಕೆ ಆಮ್ಲಜನಕದ ಪರಮಾಣು ಎರಡು, ಬಲಕ್ಕೆ ಒಂದು. ಶೈಲಾ Mg ಮುಂದೊಂದು, MgO ಮುಂದೊಂದು 2 ಬರೆದು ಸರಿದೂಗಿಸಿದಳು. ಮ್ಯಾನೇಜರ್ ಹನುಮಂತರಾಯರು ಕರೆಸಿದರು.

“ಒಂದು ಮೆಗ್ನೀಸಿಯಂ ಇತ್ತಲ್ಲ, ಎರಡು ಯಾಕ ಆತು?”

“ಇನ್ನೊಂದು ಬೇಕಾಗತೈತ್ರಿ ಸರ. ಇಲ್ಲಾಂದ್ರ ಒಂದು ಆಕ್ಸಿಜನ್ ಹಂಗಽ ಉಳಿತೈತಿ.”

“ಹೆಡ್‌ಕೌಂಟ್, ಅಂದ್ರ ಮಂದಿ ಲೆಕ್ಕ, ಹೆಚ್ಚು ಮಾಡಾಕ ನನಗಽ ಪವರ್ ಇಲ್ಲ ತಂಗಿ. ನೀ ಮಾಡಿಬಿಟ್ಟೀ!”

“ಪರಮಾಣುರೀ ಅದು.”

“ಸಣ್ಣದಾದ್ರ ಏನಾತು? ತಲಿ ಅಂದ್ರ ತಲಿ.”

ಎಚ್.ಆರ್. ವಿಭಾಗದ ಸಾವಿತ್ರಿ ಮೇಡಂ ನಿಯಮಾವಳಿ ತೆರೆದರು. ಪ್ರಾಜೆಕ್ಟ್ ಇಲ್ಲದ ಎಂಜಿನಿಯರುಗಳನ್ನು ಸಂಬಳ ಕೊಟ್ಟು ಸುಮ್ಮನೆ ಕೂರಿಸುವುದಕ್ಕೆ ಕಂಪನಿಯಲ್ಲಿ ಬೆಂಚ್ ಎನ್ನುತ್ತಿದ್ದರು. ಆಮ್ಲಜನಕಕ್ಕೂ ಅದು ಅನ್ವಯಿಸುತ್ತದೆ ಎಂದು ತೀರ್ಮಾನವಾಯಿತು. ಸುತ್ತೋಲೆ ಹೊರಟಿತು: “ಕ್ರಿಯೆಯ ನಂತರ ಉಳಿದ ಪರಮಾಣುವು ಕಂಪನಿಯ ಸಂಪನ್ಮೂಲವಾಗಿದ್ದು, ಮುಂದಿನ ಸಮೀಕರಣ ದೊರೆಯುವವರೆಗೆ ಬೆಂಚ್ ಮೇಲಿರತಕ್ಕದ್ದು.”

ಮೆಗ್ನೀಸಿಯಂ ನಂತರ ಕ್ಯಾಲ್ಸಿಯಂ, ಸತು, ತಾಮ್ರಗಳೂ ಒಂದೊಂದು ಆಮ್ಲಜನಕವನ್ನು ಬೆಂಚಿಗೆ ಕಳಿಸಿದವು. ಅಲ್ಯೂಮಿನಿಯಂ ಆಕ್ಸೈಡಿಗೆ ಒಂದು ಆಮ್ಲಜನಕ ಕಡಿಮೆ ಬಿತ್ತು. ತಾಮ್ರದಿಂದ ಉಳಿದದ್ದನ್ನು ಬೆಂಚಿನಿಂದ ಅಲ್ಲಿಗೆ ನಿಯೋಜನೆಯ ಮೇಲೆ ಕಳಿಸಲಾಯಿತು. ಒಂದು ಅಲ್ಯೂಮಿನಿಯಂ ಕೂಡ ಕಡಿಮೆ ಇತ್ತು. ಹುದ್ದೆ ಖಾಲಿ ಇದೆ ಎಂದು ಪಾಠದಲ್ಲೇ ನಮೂದಿಸಲಾಯಿತು.

“ಹುಡುಗರು ಪರೀಕ್ಷಾದಾಗ ಹಿಂಗಽ ಬರದ್ರ ಏನ್ರಿ ಸರ?” ಎಂದಳು ಶೈಲಾ.

“ಮಾರ್ಕ್ಸ್ ಕೊಡೋ ಸಾಫ್ಟ್‌ವೇರೂ ನಮ್ಮದಽ ಐತಿ. ಇವತ್ತು ತಾರೀಖು ಎಷ್ಟು?”

“ಇಪ್ಪತ್ತೊಂಬತ್ತುರೀ.”

“ಹಂಗಾದ್ರ ಏನಂತೀ?”

ಶೈಲಾ 2 ಅಳಿಸಿದಳು, ಎರಡೂ ಕಡೆ. ಸಹಿ ಬಿತ್ತು. ಕೆಲಸ ಕಾಯಂ ಆಯಿತು.

ಜುಲೈನಲ್ಲಿ, ಬೆಂಚಿನ ಪರಮಾಣುಗಳ ಮೇಲ್ವಿಚಾರಣೆಗೆ ಹೊಸ ವಿಭಾಗ ತೆರೆಯಲಾಯಿತು. ಶೈಲಾ ಅದರ ಮುಖ್ಯಸ್ಥೆ. ಹೊಸಬರ ನೇಮಕಾತಿಗೆ ಕೇಂದ್ರ ಕಚೇರಿ ಅದೇ ದಿನ ಒಪ್ಪಿಗೆ ಕೊಟ್ಟಿತು. ಸದ್ಯ ವಿಭಾಗದಲ್ಲಿ ಪರಮಾಣುಗಳು ಮೂರು, ಸಿಬ್ಬಂದಿ ಹದಿನಾಲ್ಕು.