ಬೇಳೆ ನೀರಿನ ಬಾಣಂತನ

ನಮ್ಮ ಹೊಸಪೇಟೆಯ ಮನೆಯಲ್ಲಿ ಹತ್ತು ನಿಯಾನ್ ಟೆಟ್ರಾಗಳಿದ್ದವು. ಬೆರಳ ಗೆಣ್ಣಿನಷ್ಟು ಉದ್ದ, ಮೈಮೇಲೆ ನೀಲಿ-ಕೆಂಪು ಗೆರೆ, ಎಲ್ಲಿ ಹೋದರೂ ಗುಂಪಾಗಿಯೇ ಹೋಗುವ ಮೀನು. ಎರಡು ವರ್ಷವಾದರೂ ಹತ್ತು ಹನ್ನೊಂದಾಗಲಿಲ್ಲ. ನಾನೋ, ಮರಿ ಮಾಡಿಸಿಯೇ ತೀರುತ್ತೇನೆಂದು ಸಂಡೂರಿನ ಆಫೀಸಿನ ತುಂಬ ಡಂಗುರ ಸಾರಿಬಿಟ್ಟಿದ್ದೆ.

ಕೊನೆಗೆ ನನ್ನ ಹೆಂಡತಿ ಶಿಲ್ಪಶ್ರೀ ರಾಜಾಜ್ಞೆ ಹೊರಡಿಸಿದಳು. “ನೋಡ್ರಿ, ಶ್ರಾವಣ ಮುಗಿಯೋದ್ರಾಗ ಮರಿ ಕಾಣ್ಲಿಲ್ಲ ಅಂದ್ರ ಈ ಮೀನಿನ ತೊಟ್ಟಿ ಹೊರಗ. ಆ ಜಾಗದಾಗ ನನ್ನ ಹೊಲಿಗಿ ಮಷೀನು.”

ಅಂದಿನಿಂದ ನನಗೆ ಊಟ ಸೇರಲಿಲ್ಲ. ಮೀನಿಗೆ ಹಿತವೆಂದು ಕೇಳಿ ತೊಟ್ಟಿಯಲ್ಲಿ ಬಾದಾಮಿ ಎಲೆ ನೆನೆಹಾಕಿದೆ. ತೊಟ್ಟಿಗೆ ಕಂಬಳಿ ಹೊದಿಸಿದೆ, ಈ ಮೀನಿನ ಮೊಟ್ಟೆಗೆ ಬೆಳಕಾಗದು. ಮಿಕ್ಸಿ ಹಾಕಬೇಡವೆಂದು ಕೈಮುಗಿದೆ (ದಂಪತಿಗಳಿಗೆ ಏಕಾಂತ ಬೇಡವೇ?). ಗಳಿಗೆಗೊಮ್ಮೆ ಕಂಬಳಿ ಎತ್ತಿ ಇಣುಕುತ್ತಿದ್ದವನೂ ನಾನೇ.

ಹತ್ತು ದಿನ ಉಳಿದಾಗ ಮೆಟ್ರಿಯಿಂದ ಅತ್ತೆ ಯಲ್ಲಕ್ಕ ಬಂದರು. ಕಂಬಳಿ ಸರಿಸಿ ನೋಡಿ, “ಅಯ್ಯ, ಯಾರದೋ ಕಣ್ಣು ಬಿದ್ದೈತಿ” ಎಂದು ಹಿಡಿ ಉಪ್ಪು ತಂದು ತೊಟ್ಟಿಗೆ ಮೂರು ಸುತ್ತು ನಿವಾಳಿಸಿದರು. ನಿವಾಳಿಸಿದ ಉಪ್ಪನ್ನು ನೀರಿಗೆ ಹಾಕುವುದು ಪದ್ಧತಿ. ಹತ್ತಿರದ ನೀರು ಯಾವುದು? ತೊಟ್ಟಿಯದೇ!

“ಅತ್ತೀ! ಸಿಹಿನೀರಿನ ಮೀನವು, ಸಾಯ್ತಾವ!”

“ಉಪ್ಪಿಗೆ ಯಾರರ ಸಾಯ್ತಾರೇನ್ರಿ ಅಳಿಯಂದ್ರ?”

ಮೀನುಗಳನ್ನು ಬಲೆಗೆ ಬಾಚಿಕೊಂಡು ಅಡಿಗೆಮನೆಗೆ ಓಡಿದೆ. ಕಣ್ಣಿಗೆ ಬಿದ್ದದ್ದು ಶಿಲ್ಪಶ್ರೀಯ ಬೇಳೆ ಡ್ರಮ್ಮು. ನಮ್ಮ ಬೋರಿನ ಗಡಸು ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಅದಕ್ಕೆಂದೇ ಅವಳು ಮಳೆನೀರು ಹಿಡಿದು ಮುಚ್ಚಿಡುತ್ತಾಳೆ. ಹತ್ತನ್ನೂ ಅದಕ್ಕೆ ಸುರಿದು ಮುಚ್ಚಳ ಹಾಕಿದೆ.

“ನನ್ನ ಬ್ಯಾಳಿ ನೀರಾಗ ಮೀನಾ? ಇನ್ನ ಅದ್ರಾಗ ಅಡಿಗಿ ಮಾಡಿದಂಗ!” ಎಂದು ಅವಳು ಮಾತು ಬಿಟ್ಟಳು. ಮರುದಿನ ತೊಟ್ಟಿ ತೊಳೆದು ಮೀನುಗಳನ್ನು ಮರಳಿ ಅದಕ್ಕೆ ಬಿಟ್ಟೆ. ಪುಣ್ಯಕ್ಕೆ ಒಂದೂ ಸತ್ತಿರಲಿಲ್ಲ. ಡ್ರಮ್ಮನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಶ್ರಾವಣದ ಕಡೆಯ ದಿನ ನೀರು ಚೆಲ್ಲಲೆಂದು ಮುಚ್ಚಳ ತೆಗೆದ ಶಿಲ್ಪಶ್ರೀ ಕಿರುಚಿದಳು. “ರೀ, ನೀರಾಗ ಹುಳ ಆಗ್ಯಾವ!”

ಬಗ್ಗಿ ನೋಡಿದೆ. ರೆಪ್ಪೆಗೂದಲಿನ ತುಂಡಿನಷ್ಟು ಮೈ, ಅದಕ್ಕೆ ಎರಡೆರಡು ಕಣ್ಣು. ಮರಿಗಳು! ಎರಡು ವರ್ಷದ ನನ್ನ ಕಸರತ್ತಿಗೆ ಒಲಿಯದ ಮೀನು, ಬೇಳೆ ಬೇಯಿಸುವ ಮೆದು ನೀರಿಗೂ ಒಂದು ಮುಚ್ಚಳಕ್ಕೂ ಒಂದೇ ದಿನದಲ್ಲಿ ಒಲಿದಿತ್ತು.

“ನಾ ಹೇಳ್ಲಿಲ್ಲ? ಉಪ್ಪಿಗೆ ಕಣ್ಣು ಹೋತು” ಎಂದರು ಅತ್ತೆ.

“ಮರಿ ಬಂದ್ವಲ್ಲ, ತೊಟ್ಟಿ ಇಲ್ಲೇ ಇರ್ತೈತಿ” ಎಂದು ನಾನು ಎದೆಯುಬ್ಬಿಸಿದೆ.

“ಮರಿ ಆಗಿದ್ದು ನನ್ನ ಡ್ರಮ್ಮಿನಾಗ” ಎಂದಳು ಶಿಲ್ಪಶ್ರೀ. “ಅವ್ರ ಅಪ್ಪ-ಅವ್ವಗೂ ಇನ್ನೊಂದು ಡ್ರಮ್ಮು ಇಡೋಣು. ಮತ್ತ ತೊಟ್ಟಿ ಯಾಕ ಬೇಕ್ರಿ?”

ಈಗ ಆ ಜಾಗದಲ್ಲಿ ಹೊಲಿಗೆ ಮಷೀನು ಕಟಕಟ ಎನ್ನುತ್ತದೆ. ತೊಟ್ಟಿಯಲ್ಲಿ ಅತ್ತೆ ಕೊತ್ತಂಬರಿ ಬೆಳೆದಿದ್ದಾರೆ. ಹಿಡಿದ ಮಳೆನೀರೆಲ್ಲ ಬಾಣಂತಿಯರ ಪಾಲಾದ್ದರಿಂದ ಅಡಿಗೆಗೆ ಬೋರಿನ ನೀರೇ ಗತಿ. ಊಟಕ್ಕೆ ಕೂತರೆ ಸಾರಿನ ಬೇಳೆ ಹಲ್ಲಿಗೆ ಕಟುಂ ಎನ್ನುತ್ತದೆ. ನಾನು ಹಾಗೇ ನುಂಗುತ್ತೇನೆ.