ಲಾಯದಲ್ಲಿದ್ದೇ ಗೆದ್ದ ಕುದುರೆ

"ಟಗರು ನಂದು!"

"ನಿಮ್ದು ಹೇಗಾಗುತ್ತೆ? ಗೇಟು ಮೊದಲು ದಾಟಿದ್ದು ನಾನು!"

ಮುದುಕ ಮಮಿರ್ಕುಲ್ ಲದ್ದಿ ಎತ್ತುವ ಸಲಿಕೆ ಹಿಡಿದು ಲಾಯದಿಂದ ಹೊರಗೆ ಬಂದಾಗ, ಇಬ್ಬರು ಅವನ ಟಗರಿನ ಒಂದೊಂದು ಕೊಂಬು ಹಿಡಿದು ನಿಂತಿದ್ದರು. ಒಬ್ಬಳು ಪಕ್ಕದ ಮನೆಯ ಬುಬುಸಾರಾ. ಊರಿನ ವಾಟ್ಸಾಪ್ ಗುಂಪಿಗೆ ಅವಳೇ ಯಜಮಾನಿ. ಇನ್ನೊಬ್ಬ ತಾಲ್ಲೂಕು ಪತ್ರಿಕೆಯ ವರದಿಗಾರ ಶೈಲೋಬೆಕ್. ಓಡಿ ಬಂದ ರಭಸಕ್ಕೆ ಅವನ ಕಲ್ಪಾಕು ಟೋಪಿ ಕಿವಿಯ ಮೇಲೆ ಜಾರಿತ್ತು. ಟಗರನ್ನು ಮುದುಕ ಸಾಕಿದ್ದು ಮೊಮ್ಮಗಳು ಮೊದಲ ಹೆಜ್ಜೆ ಇಟ್ಟ ಸಂತೋಷದ ಊಟಕ್ಕೆ. ಊಟ ಬರುವ ಶುಕ್ರವಾರ.

ಮಮಿರ್ಕುಲ್: ಕೊಂಬು ಬಿಡ್ರಪ್ಪ, ಅದೇನು ಸ್ಟೀರಿಂಗಾ? ಏನಾಯ್ತು?

ಬುಬುಸಾರಾ: ಸುಯುಂಚು, ಅಜ್ಜ! ಸುಯುಂಚು!

ಶೈಲೋಬೆಕ್: ನಾನು ಬೀದಿ ತಿರುವಿನಿಂದಲೇ ಸುಯುಂಚು ಅಂತ ಕೂಗ್ಕೊಂಡು ಬಂದೆ. ನಂದೇ ಮೊದಲು!

ಸಿಹಿಸುದ್ದಿ ತಂದವರು ಹಾಗೆ ಕೂಗಿದ ಮೇಲೆ ಉಡುಗೊರೆ ಕೊಟ್ಟೇ ಸುದ್ದಿ ಕೇಳಬೇಕು. ಕೊಡದಿದ್ದವನ ಮಾನ ಊರಲ್ಲಿ ಉಳಿಯುವುದಿಲ್ಲ.

ಮಮಿರ್ಕುಲ್: ಒಂದೊಂದು ಬಟ್ಟಲು ಕುಮಿಸ್ ಕುಡೀರಿ. ಇವತ್ತೇ ಕಡೆದಿದ್ದು, ಚೆನ್ನಾಗಿ ಹುಳಿ ಬಂದಿದೆ.

ಶೈಲೋಬೆಕ್: ಕುದುರೆಹಾಲಿಗೆಲ್ಲ ಬಿಟ್ಟುಕೊಡೋ ಸುದ್ದಿ ಅಲ್ಲ ಅಜ್ಜ. ಇದು ಟಗರಿನ ಸುದ್ದಿ.

ಮಮಿರ್ಕುಲ್: ಟಗರಿನ ಸುದ್ದಿನಾ? ಟಗರಿಗೇನಾಗಿದೆ?

ಶೈಲೋಬೆಕ್: ಟಗರಿಗೆ ಏನೂ ಆಗಿಲ್ಲ. ಟಗರು ಕೊಡೋ ಅಂಥ ಸುದ್ದಿ!

ಮಮಿರ್ಕುಲ್: ಟಗರು ಸುದ್ದಿ ಕೊಡುತ್ತಾ? ಪತ್ರಿಕೆಗೆ ಅದನ್ನೂ ಸೇರಿಸ್ಕೊಂಡ್ರಾ?

ಬುಬುಸಾರಾಗೆ ತಡೆಯಲಾಗಲಿಲ್ಲ.

ಬುಬುಸಾರಾ: ಅಯ್ಯೋ ಅಜ್ಜ, ನಿಮ್ಮ ಕುದುರೆ ಜೀರ್ದೆ ಸೋನ್‌ಕೋಲ್ ಸರೋವರದ ಓಟದಲ್ಲಿ ಗೆದ್ದುಬಿಡ್ತು! ಇಡೀ ಗುಂಪು ಕುಣೀತಿದೆ!

ಮಮಿರ್ಕುಲ್: ಜೀರ್ದೆನಾ? ಅದು ಲಾಯದಲ್ಲಿದೆಯಲ್ಲಮ್ಮ. ಕಾಲು ಊದ್ಕೊಂಡಿದೆ, ಈಗಿನ್ನೂ ಪಟ್ಟಿ ಕಟ್ಟಿ ಬಂದೆ.

ಶೈಲೋಬೆಕ್: ವಾಪಸ್ ಯಾವಾಗ ಬಂತು?

ಮಮಿರ್ಕುಲ್: ಹೋಗೇ ಇಲ್ಲ.

ಶೈಲೋಬೆಕ್: ಹೋಗದೇನೇ ಗೆದ್ದುಬಿಡ್ತಾ? ಅಬ್ಬಾ! ಇದು ಇನ್ನೂ ದೊಡ್ಡ ಸುದ್ದಿ!

ಅವನು ಕೊಂಬು ಬಿಟ್ಟು ಪೆನ್ನು ತೆಗೆದ. ಬುಬುಸಾರಾ ಆ ಕೊಂಬನ್ನೂ ಹಿಡಿದುಕೊಂಡಳು. ಮುದುಕ ಇಬ್ಬರನ್ನೂ ಲಾಯದ ಬಾಗಿಲಿಗೆ ಕರೆದುಕೊಂಡು ಹೋಗಿ ಜೀರ್ದೆಯನ್ನು ತೋರಿಸಿದ. ಅದು ಹುಲ್ಲು ಜಗಿಯುತ್ತಾ ಮೂರು ಕಾಲಿನ ಮೇಲೆ ನಿಂತಿತ್ತು.

ಮಮಿರ್ಕುಲ್: ಈಗ ಕಣ್ಣಾರೆ ನೋಡಿದ್ರಲ್ಲ?

ಬುಬುಸಾರಾ: ನೋಡಿದೆ. ಆದ್ರೆ ಅಜ್ಜ, ಅಷ್ಟೊಂದು ಜನ ಹೂವಿನ ಚಿತ್ರ ಕಳಿಸಿದಾರೆ. ಒಂದು ಕುದುರೆ ಇಲ್ಲಿ ನಿಂತಿದೆ ಅಂತ ಅವರನ್ನೆಲ್ಲ ಸುಳ್ಳುಗಾರರು ಅನ್ನೋಕಾಗುತ್ತಾ?

ಮಮಿರ್ಕುಲ್: ನಿನಗೆ ಯಾರು ಹೇಳಿದ್ದು?

ಬುಬುಸಾರಾ: ಇವರ ಪತ್ರಿಕೆ. ಅದರ ಪೇಜಲ್ಲಿ ಬಂದಿತ್ತು.

ಮಮಿರ್ಕುಲ್: ನಿನಗೇನಪ್ಪ?

ಶೈಲೋಬೆಕ್: ಇವರ ಗುಂಪಲ್ಲಿ ಬಂದಿತ್ತು. ಗುಂಪಲ್ಲಿ ಬಂದಿದ್ದನ್ನ ನಾವು ಹಾಕದೆ ಹೋದ್ರೆ, ಪತ್ರಿಕೆ ಮಲಗಿದೆ ಅಂತಾರೆ ಜನ.

ಮಮಿರ್ಕುಲ್: ಗುಂಪಿಗೆ ಎಲ್ಲಿಂದ ಬಂತು?

ಬುಬುಸಾರಾ ಬೆರಳಿನಿಂದ ಫೋನನ್ನು ಮೇಲಕ್ಕೆ ಮೇಲಕ್ಕೆ ತಳ್ಳಿದಳು. ಒಂದು ಕಡೆ ಬೆರಳು ನಿಂತಿತು. ಮುಖ ಸಣ್ಣಗಾಯಿತು.

ಬುಬುಸಾರಾ: ನೀವೇ ಅಜ್ಜ. ನಿನ್ನೆ ಅಂಗಡಿ ಮುಂದೆ ಹೇಳಿದ್ರಲ್ಲ, "ನಮ್ಮ ಜೀರ್ದೆ ಹೋಗಿದ್ರೆ ಗೆಲ್ತಿತ್ತು" ಅಂತ.

ಮಮಿರ್ಕುಲ್: ಹೋಗಿದ್ರೆ!

ಬುಬುಸಾರಾ: "ಹೋಗಿದ್ರೆ" ಅನ್ನೋದನ್ನ ಬಿಟ್ಟೆ. ಉದ್ದ ಬರೆದ್ರೆ ಯಾರು ಓದ್ತಾರೆ? "ಜೀರ್ದೆ ಗೆಲ್ತಿತ್ತು" ಅಂತ ಹಾಕಿದೆ ಅಷ್ಟೇ.

ಶೈಲೋಬೆಕ್: ನಾನಂತೂ ಒಂದಕ್ಷರ ಸುಳ್ಳು ಬರೆದಿಲ್ಲ. "ಗೆಲ್ತಿತ್ತು" ಅನ್ನೋದು ಆಡುಮಾತು. ಪತ್ರಿಕೆ ಭಾಷೆಗೆ ತಿದ್ದಿ "ಗೆದ್ದಿತು" ಅಂತ ಮಾಡಿದೆ. ನಾವು ಕಾಲೇಜಲ್ಲಿ ಕಲಿತವರು.

ಮಮಿರ್ಕುಲ್: ಹಾಗಾದ್ರೆ ಸುಳ್ಳು ಅಂತ ಈಗ್ಲೇ ಬರೀರಿ, ಇಬ್ಬರೂ.

ಶೈಲೋಬೆಕ್: ಬರೆದ್ರೆ, ಸೋತವರು ಲಂಚ ಕೊಟ್ಟಿದಾರೆ ಅಂತಾರೆ.

ಬುಬುಸಾರಾ: ಈಗಾಗ್ಲೇ ಅಂತಿದಾರೆ. ಇನ್ನೊಬ್ಬ ಕೇಳ್ತಿದಾನೆ, ಮುದುಕ ಇನ್ನೂ ಸುಯುಂಚು ಕೊಟ್ಟಿಲ್ವಂತಲ್ಲ, ಅಷ್ಟು ಜಿಪುಣನಾ ಅಂತ.

ಮುದುಕನ ಕಿವಿ ಕೆಂಪಾಯಿತು. ಅವನ ಅಪ್ಪನನ್ನಾಗಲೀ ತಾತನನ್ನಾಗಲೀ ಯಾರೂ ಜಿಪುಣ ಎಂದಿರಲಿಲ್ಲ. ಕೊಟ್ಟರೆ ಶುಕ್ರವಾರದ ಊಟವಿಲ್ಲ. ಕೊಡದಿದ್ದರೆ ಆ ಊಟಕ್ಕೆ ಬರುವವರಿಲ್ಲ. ಅವನು ಟಗರನ್ನು ನೋಡಿದ, ಫೋನನ್ನು ನೋಡಿದ.

ಮಮಿರ್ಕುಲ್: ಬುಬುಸಾರಾ, ನಾನು ಮಾತಾಡಿದ್ರೆ ಅದರಲ್ಲಿ ಎಲ್ಲರಿಗೂ ಕೇಳುತ್ತಾ?

ಬುಬುಸಾರಾ: ಕೇಳದೆ ಏನು! ಹೇಳಿ ಅಜ್ಜ, ಗೆದ್ದವರು ಎರಡು ಮಾತು ಹೇಳಲೇಬೇಕು.

ಅವಳು ಫೋನನ್ನು ಅವನ ಗಡ್ಡದ ಹತ್ತಿರ ಹಿಡಿದಳು. ಮುದುಕ ಗಂಟಲು ಸರಿಮಾಡಿಕೊಂಡ.

ಮಮಿರ್ಕುಲ್: ಎಲ್ಲರಿಗೂ ಸಲಾಂ. ನಾನು ಮಮಿರ್ಕುಲ್. ಸುಯುಂಚು ಕೊಟ್ಟಾಯ್ತು. ಟಗರು ಬುಬುಸಾರಾ ಮನೆ ಸೇರಿದೆ. ನಮ್ಮ ವರದಿಗಾರರದ್ದೂ ಅದರಲ್ಲಿ ಪಾಲಿದೆ. ಇಬ್ಬರೂ ಸೇರಿ ಸಂಜೆ ಊರಿಗೆಲ್ಲ ಊಟ ಹಾಕ್ತಾರಂತೆ. ಮಕ್ಕಳನ್ನೂ ಕರ್ಕೊಂಡು ಬನ್ನಿ.

ಬುಬುಸಾರಾಳ ಬೆರಳು ಅಭ್ಯಾಸಬಲದಿಂದ ಕಳಿಸಿಯೇ ಬಿಟ್ಟಿತು. ಆಮೇಲೆ ಬಾಯಿ ತೆರೆಯಿತು.

ಬುಬುಸಾರಾ: ಅಜ್ಜ! ಟಗರು ಇಲ್ಲೇ ಇದೆ!

ಮಮಿರ್ಕುಲ್: ಇರ್ಲಿ ಬಿಡಮ್ಮ. ನಮ್ಮ ಜೀರ್ದೆ ಯಾವ ಫೋನಲ್ಲಿ ಓಡಿತೋ, ಟಗರೂ ಅದರಲ್ಲೇ ಸಂದಾಯ ಆಯ್ತು.

ಅವನು ಟಗರನ್ನು ಹಟ್ಟಿಗೆ ಕೂಡಿ ಅಗುಳಿ ಹಾಕಿದ. ಬುಬುಸಾರಾ "ಕೊಟ್ಟಿಲ್ಲ, ಕೊಟ್ಟಿಲ್ಲ" ಎಂದು ಬರೆದಳು. ತಕ್ಷಣ ಉತ್ತರ ಬಂತು: "ಒಬ್ಬಳೇ ತಿನ್ನೋ ಯೋಚನೆನಾ?" ಅದರ ಬೆನ್ನಿಗೇ ಅವಳ ಗಂಡನ ದನಿ ಫೋನಿನಿಂದ ಹೊರಟಿತು.

"ಲೇ, ಟಗರು ಎಲ್ಲಿ ಕಟ್ಟಿದ್ದೀಯಾ? ನಿನ್ನ ತವರಿನೋರು ಎರಡು ಗಾಡಿ ತುಂಬ ಬಂದಿಳಿದಿದಾರೆ. ಕಡಾಯಿಯಲ್ಲಿ ನೀರು ಕುದೀತಾ ಇದೆ!"

ಬುಬುಸಾರಾ: ಶೈಲೋಬೆಕ್, ಅಪ್ಪಾ, ನಿಮ್ಮ ಪತ್ರಿಕೆಯಲ್ಲಾದ್ರೂ ಒಂದು ತಿದ್ದುಪಡಿ ಹಾಕಪ್ಪ!

ಶೈಲೋಬೆಕ್: ತಿದ್ದುಪಡಿ ಯಾರು ಓದ್ತಾರೆ ಅಕ್ಕ? ಅದಿರ್ಲಿ, ನಿಮ್ಮ ಹಟ್ಟಿಯಲ್ಲಿ ಟಗರು ಇದೆ ತಾನೇ?